ಗಡಿ ದಾಟುವ ಅಪರಾಧ, ಗಡಿಯಲ್ಲೇ ನಿಲ್ಲುವ ಪೊಲೀಸ್ ಅಧಿಕಾರ

2019ರ ಜನವರಿಯಲ್ಲಿ ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಾಕರ್‌ನಲ್ಲಿ ಅಲ್ಲಿನ ಪೊಲೀಸರು ಒಬ್ಬ ವ್ಯಕ್ತಿಯನ್ನು ಬಂಧಿಸಿದರು. ಅವನ ಬಳಿ ಇದ್ದದ್ದು ಬುರ್ಕಿನಾ ಫಾಸೊ ದೇಶದ ಪಾಸ್‌ಪೋರ್ಟ್, ಅದರಲ್ಲಿದ್ದ ಹೆಸರು ಆಂಟನಿ ಫರ್ನಾಂಡಿಸ್. ಕರ್ನಾಟಕ ಪೊಲೀಸರ ಕಡತಗಳಲ್ಲಿ ಅವನ ಹೆಸರು ರವಿ ಪೂಜಾರಿ. ಕರಾವಳಿ ಮೂಲದ ಈತ ವರ್ಷಗಟ್ಟಲೆ ವಿದೇಶದಲ್ಲಿ ಕುಳಿತು, ಫೋನ್ ಮೂಲಕವೇ ಬೆಂಗಳೂರು, ಮಂಗಳೂರು, ಮುಂಬೈಗಳ ಬಿಲ್ಡರ್‌ಗಳನ್ನೂ ಉದ್ಯಮಿಗಳನ್ನೂ ಬೆದರಿಸಿ ಹಫ್ತಾ ವಸೂಲಿ ಮಾಡುತ್ತಿದ್ದನೆಂಬುದು ಆರೋಪ. ಬಂಧನವಾದ ಮಾರನೆಯ ದಿನವೇ ಅವನನ್ನು ವಿಮಾನ ಹತ್ತಿಸಿ ಕರೆತರಬಹುದೆಂದು ಸುದ್ದಿ ಓದಿದ ಅನೇಕರು ಭಾವಿಸಿದ್ದರು. ಆದರೆ ಅವನು ಬೆಂಗಳೂರಿಗೆ ಬಂದಿಳಿದದ್ದು 2020ರ ಫೆಬ್ರವರಿಯಲ್ಲಿ. ನಡುವಿನ ಹದಿಮೂರು ತಿಂಗಳಲ್ಲಿ ಅವನಿಗೆ ಅಲ್ಲಿ ಜಾಮೀನು ಸಿಕ್ಕಿತ್ತು, ಅವನು ತಪ್ಪಿಸಿಕೊಂಡಿದ್ದ, ಅವನನ್ನು ಮತ್ತೆ ಹಿಡಿಯಬೇಕಾಗಿತ್ತು. ಫೋನ್ ಕರೆಯೊಂದು ಆಫ್ರಿಕದಿಂದ ಮಂಗಳೂರಿಗೆ ಬರಲು ಕೆಲವು ಸೆಕೆಂಡು ಸಾಕಾಗಿದ್ದರೆ, ಕರೆ ಮಾಡಿದವನೆಂದು ಆರೋಪಿಸಲಾದವನು ನ್ಯಾಯಾಲಯದ ಮುಂದೆ ನಿಲ್ಲಲು ಒಂದು ವರ್ಷಕ್ಕೂ ಮೇಲೆ ಬೇಕಾಯಿತು. ಜಾಗತೀಕರಣವು ಅಪರಾಧಕ್ಕೂ ಪೊಲೀಸರಿಗೂ ಕೊಟ್ಟಿರುವ ವೇಗಗಳು ಎಷ್ಟು ಬೇರೆಬೇರೆ ಎಂಬುದು ಈ ಅಂತರದಲ್ಲೇ ಕಾಣುತ್ತದೆ.

ಇದಕ್ಕೆ ಕಾರಣ ಅಧಿಕಾರಿಗಳ ಸೋಮಾರಿತನ ಅಲ್ಲ, ಪೊಲೀಸ್ ಅಧಿಕಾರದ ಸ್ವರೂಪವೇ ಅಂಥದ್ದು. ಕರ್ನಾಟಕದ ಇನ್‌ಸ್ಪೆಕ್ಟರ್ ಒಬ್ಬರು ಆರೋಪಿಯ ಬೆನ್ನು ಹತ್ತಿ ಕೇರಳಕ್ಕೋ ಅಸ್ಸಾಮಿಗೋ ಹೋಗಿ ಬಂಧಿಸಬಹುದು. ಭಾರತದೊಳಗೆ ಎಲ್ಲಿಗೆ ಬೇಕಾದರೂ ಬೆನ್ನಟ್ಟುವ ಅವಕಾಶವನ್ನು ನಮ್ಮ ಕಾನೂನು ಕೊಟ್ಟಿದೆ. ಅದೇ ಇನ್‌ಸ್ಪೆಕ್ಟರ್ ನೇಪಾಳದ ಗಡಿ ದಾಟಿ ಒಂದು ಹೆಜ್ಜೆ ಇಟ್ಟರೆ ಅವರು ಸಾಮಾನ್ಯ ಪ್ರವಾಸಿ ಅಷ್ಟೆ. ಬಂಧಿಸುವುದು, ಮನೆ ಶೋಧಿಸುವುದು, ಸಾಕ್ಷಿಯನ್ನು ಕರೆದು ಹೇಳಿಕೆ ಪಡೆಯುವುದು ಇವೆಲ್ಲ ಆಯಾ ದೇಶದ ಸಾರ್ವಭೌಮ ಅಧಿಕಾರ, ಅದನ್ನು ಯಾವ ದೇಶವೂ ಇನ್ನೊಬ್ಬರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಪೊಲೀಸ್ ಸಹಕಾರ ಎಂದರೆ ಗಡಿ ದಾಟಿ ಓಡಾಡುವ ಒಂದು ಪೊಲೀಸ್ ಪಡೆ ಎಂದು ತಿಳಿಯಬಾರದು. ಅದು ಒಂದು ದೇಶ ಇನ್ನೊಂದನ್ನು ಕೇಳಿಕೊಳ್ಳುವ ಮತ್ತು ಆ ದೇಶ ತನ್ನ ಕಾನೂನಿನ ಮಿತಿಯೊಳಗೆ ಸ್ಪಂದಿಸುವ ವ್ಯವಸ್ಥೆ. ಇಷ್ಟು ಮನದಟ್ಟಾದರೆ ಈ ವಿಷಯದ ಉಳಿದ ಗೋಜಲುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಅಪರಾಧದ ಕಡೆಯಿಂದ ನೋಡಿದರೆ ಗಡಿಗಳು ಕರಗಿದ್ದು ಮೂರು ದಾರಿಗಳಲ್ಲಿ: ಸರಕು, ಹಣ, ಸಂಪರ್ಕ. 1956ರಲ್ಲಿ ಅಮೆರಿಕದ ನ್ಯೂಆರ್ಕ್‌ನಿಂದ ಹೂಸ್ಟನ್‌ಗೆ 58 ಕಂಟೇನರ್‌ಗಳನ್ನು ಹೊತ್ತು ಹೊರಟ ಹಡಗಿನಿಂದ ಆರಂಭವಾದ ಪದ್ಧತಿ ಇಂದು ಜಗತ್ತಿನ ವ್ಯಾಪಾರದ ಬೆನ್ನೆಲುಬಾಗಿದೆ. ಒಂದೇ ಅಳತೆಯ, ಮುಚ್ಚಿದ ಪೆಟ್ಟಿಗೆಗಳು ಬಂದರಿನಿಂದ ಬಂದರಿಗೆ ಹೋಗುತ್ತವೆ. ಪ್ರತಿಯೊಂದನ್ನೂ ತೆರೆದು ನೋಡುತ್ತಾ ಕುಳಿತರೆ ವ್ಯಾಪಾರವೇ ನಿಂತುಹೋಗುತ್ತದೆಯಾದ್ದರಿಂದ ಅವುಗಳಲ್ಲಿ ತಪಾಸಣೆಗೆ ಒಳಗಾಗುವುದು ತೀರಾ ಸಣ್ಣ ಪಾಲು. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಎರಡು ಕಂಟೇನರ್‌ಗಳಿಂದ ಸುಮಾರು 3,000 ಕಿಲೋ ಹೆರಾಯಿನ್ ವಶಪಡಿಸಿಕೊಂಡರು. ಕಾಗದಪತ್ರಗಳ ಪ್ರಕಾರ ಅದರಲ್ಲಿದ್ದದ್ದು ಟಾಲ್ಕ್ ಕಲ್ಲು. ಸರಕಿನ ಮೂಲ ಅಫ್ಘಾನಿಸ್ತಾನ, ಹಡಗು ಹತ್ತಿದ್ದು ಇರಾನಿನ ಬಂದರ್ ಅಬ್ಬಾಸ್‌ನಲ್ಲಿ, ಆಮದುದಾರ ಸಂಸ್ಥೆಯ ನೋಂದಣಿ ವಿಜಯವಾಡದಲ್ಲಿ. ಒಂದೇ ಪ್ರಕರಣದ ಎಳೆಗಳು ಇಷ್ಟು ಊರುಗಳಲ್ಲಿ ಹರಡಿಕೊಂಡಾಗ, ಮುಂದ್ರಾದಲ್ಲಿ ಸಿಕ್ಕ ಚೀಲಗಳು ತನಿಖೆಯ ಆರಂಭ ಮಾತ್ರ.

ಹಣದ ದಾರಿ ಇನ್ನೂ ವೇಗದ್ದು. ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ 2016ರ ಬಾಂಗ್ಲಾದೇಶ ಬ್ಯಾಂಕ್ ಕಳವು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ದೇಶದ ಕೇಂದ್ರೀಯ ಬ್ಯಾಂಕಿನ ಗಣಕ ಜಾಲದೊಳಗೆ ನುಸುಳಿದ್ದ ಕಳ್ಳರು ಫೆಬ್ರವರಿ 4ರ ಗುರುವಾರ ರಾತ್ರಿ, ಬ್ಯಾಂಕುಗಳ ನಡುವಿನ ಸಂದೇಶ ವ್ಯವಸ್ಥೆಯಾದ ಸ್ವಿಫ್ಟ್ ಮೂಲಕ, ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಸುಮಾರು 95 ಕೋಟಿ ಡಾಲರ್ ವರ್ಗಾಯಿಸುವಂತೆ ಸೂಚನೆಗಳನ್ನು ಕಳುಹಿಸಿದರು. ಶುಕ್ರವಾರ ಢಾಕಾದಲ್ಲಿ ವಾರದ ರಜೆ. ಢಾಕಾದವರು ಎಚ್ಚೆತ್ತು ವಿಚಾರಿಸುವ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಶನಿವಾರ, ಭಾನುವಾರದ ರಜೆ. ಹಣ ಸೇರಿದ ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ. ಹೀಗೆ ಮೂರು ದೇಶಗಳ ಪಂಚಾಂಗಗಳನ್ನು ಒಟ್ಟಿಗಿಟ್ಟುಕೊಂಡು ಹೊಂಚು ಹಾಕಿದ ಕಳವು ಅದು. ಹೆಚ್ಚಿನ ಸೂಚನೆಗಳು ತಡೆಹಿಡಿಯಲ್ಪಟ್ಟವು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್, ಫಲಾನುಭವಿಯ ಹೆಸರಿನಲ್ಲಿದ್ದ ಒಂದು ಕಾಗುಣಿತ ದೋಷದಿಂದ ಅನುಮಾನ ಹುಟ್ಟಿ ವಾಪಸಾಯಿತು. ಆದರೆ 8.1 ಕೋಟಿ ಡಾಲರ್ ಮನಿಲಾದ ಬ್ಯಾಂಕ್ ಶಾಖೆಯೊಂದರ ಖಾತೆಗಳಿಗೆ ಇಳಿದು, ಅಲ್ಲಿಂದ ಜೂಜಿನ ಕ್ಯಾಸಿನೊಗಳಿಗೆ ಹೋಗಿ, ಬಹುಪಾಲು ಕಣ್ಮರೆಯಾಯಿತು. ಫಿಲಿಪ್ಪೀನ್ಸಿನ ಹಣದ ಅಕ್ರಮ ವರ್ಗಾವಣೆ ತಡೆ ಕಾನೂನಿನ ವ್ಯಾಪ್ತಿಗೆ ಆಗ ಕ್ಯಾಸಿನೊಗಳು ಬರುತ್ತಲೇ ಇರಲಿಲ್ಲ. ಅವುಗಳನ್ನು ಸೇರಿಸಿ ತಿದ್ದುಪಡಿ ಮಾಡಿದ್ದು 2017ರಲ್ಲಿ. 2018ರಲ್ಲಿ ಅಮೆರಿಕವು ಉತ್ತರ ಕೊರಿಯದ ಒಬ್ಬ ಪ್ರೋಗ್ರಾಮರ್ ಮೇಲೆ ಆರೋಪ ಹೊರಿಸಿತು. ಉತ್ತರ ಕೊರಿಯ ಅವನನ್ನು ಒಪ್ಪಿಸುವ ಪ್ರಶ್ನೆಯೇ ಏಳುವುದಿಲ್ಲ.

ಜಾಗತಿಕ ಜಾಲದಲ್ಲಿ ಒಂದು ದೇಶದ ಕಾನೂನಿನ ತೂತು ಬೇರೆಲ್ಲ ದೇಶಗಳ ನಷ್ಟವಾಗುತ್ತದೆ ಎಂಬುದನ್ನು ಈ ಪ್ರಕರಣ ಎತ್ತಿ ತೋರಿಸಿತು. ಹಣದ ಅಕ್ರಮ ವರ್ಗಾವಣೆ ಕುರಿತ ಹಣಕಾಸು ಕಾರ್ಯಪಡೆಯು, ಅಂದರೆ ಸುದ್ದಿಯಲ್ಲಿ ನಾವು ಕೇಳುವ ಎಫ್‌ಎಟಿಎಫ್, 1989ರಷ್ಟು ಹಿಂದೆಯೇ ಹುಟ್ಟಿದ್ದು ಇದೇ ಅರಿವಿನಿಂದ. ಪೊಲೀಸ್ ಅಧಿಕಾರವೇನೂ ಇಲ್ಲದ ಈ ಸಂಸ್ಥೆಯು ನಿಯಮಗಳನ್ನು ರೂಪಿಸಿ, ಪಾಲಿಸದ ದೇಶಗಳನ್ನು ಬೂದು ಪಟ್ಟಿಗೋ ಕಪ್ಪು ಪಟ್ಟಿಗೋ ಸೇರಿಸುತ್ತದೆ. ಪಾಕಿಸ್ತಾನ 2018ರಿಂದ 2022ರವರೆಗೆ ಬೂದು ಪಟ್ಟಿಯಲ್ಲಿತ್ತು. ಬಂಧನದ ಭಯಕ್ಕಿಂತ ಸಾಲ ಮತ್ತು ಹೂಡಿಕೆಯ ಬಾಗಿಲು ಬಿಗಿಯಾಗುವ ಭಯ ಸರ್ಕಾರಗಳನ್ನು ಬೇಗ ಎಚ್ಚರಿಸುತ್ತದೆ.

ಇನ್ನು ಇಂಟರ್‌ಪೋಲ್ ವಿಚಾರಕ್ಕೆ ಬರೋಣ. ಜನರ ಕಲ್ಪನೆಗೂ ವಾಸ್ತವಕ್ಕೂ ಇಷ್ಟು ದೂರವಿರುವ ಸಂಸ್ಥೆ ಬೇರೊಂದು ಇರಲಾರದು. 1914ರಲ್ಲಿ ಮೊನಾಕೊದಲ್ಲಿ ನಡೆದ ಪೊಲೀಸ್ ಸಮ್ಮೇಳನದಲ್ಲಿ ಇದರ ಬೀಜ ಬಿತ್ತು, ಅದೇ ವರ್ಷ ಯುದ್ಧ ಆರಂಭವಾದ್ದರಿಂದ ಅದು ಮೊಳೆತದ್ದು 1923ರಲ್ಲಿ, ವಿಯೆನ್ನಾದಲ್ಲಿ. 1938ರಲ್ಲಿ ಆಸ್ಟ್ರಿಯ ಹಿಟ್ಲರನ ಕೈಸೇರಿದಾಗ ಈ ಸಂಸ್ಥೆಯೂ ನಾಜಿಗಳ ವಶವಾಯಿತು. ಅಪರಾಧಿಗಳನ್ನು ಹುಡುಕಲೆಂದು ನಾನಾ ದೇಶಗಳು ನಂಬಿಕೆಯಿಂದ ಕೊಟ್ಟಿದ್ದ ಕಡತಗಳು ಅವರ ಕೈಗೆ ಸಿಕ್ಕವು. ಯುದ್ಧಾನಂತರ 1946ರಲ್ಲಿ ಸಂಸ್ಥೆಯನ್ನು ಮತ್ತೆ ಕಟ್ಟಲಾಯಿತು. ಇಂದಿನ ಅದರ ಸಂವಿಧಾನದ 3ನೇ ವಿಧಿಯು ರಾಜಕೀಯ, ಸೈನಿಕ, ಧಾರ್ಮಿಕ ಅಥವಾ ಜನಾಂಗೀಯ ಸ್ವರೂಪದ ಯಾವುದೇ ವಿಷಯದಲ್ಲಿ ಕೈಹಾಕುವುದನ್ನು ನಿಷೇಧಿಸುತ್ತದೆ. ಆ ವಿಧಿಯನ್ನು ಓದುವಾಗ ನಾಜಿಗಳ ಕೈಸೇರಿದ ಆ ಕಡತಗಳು ನೆನಪಾಗದೆ ಇರುವುದಿಲ್ಲ. ಭಾರತ 1949ರಿಂದ ಸದಸ್ಯ. ಫ್ರಾನ್ಸಿನ ಲಿಯಾನ್‌ನಲ್ಲಿ ಕೇಂದ್ರ ಕಚೇರಿ ಇರುವ ಇಂಟರ್‌ಪೋಲ್‌ನ ಸದಸ್ಯ ದೇಶಗಳು ಈಗ 196.

ಪ್ರತಿ ಸದಸ್ಯ ದೇಶದಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಘಟಕ ಇರುತ್ತದೆ. ಭಾರತದಲ್ಲಿ ಆ ಹೊಣೆ ದೆಹಲಿಯ ಸಿಬಿಐನದು. ಹಾಸನದ ಪೊಲೀಸರಿಗೆ ಜರ್ಮನಿಯಿಂದ ಮಾಹಿತಿ ಬೇಕಾದರೆ ಅವರು ನೇರವಾಗಿ ಬರ್ಲಿನ್‌ಗೆ ಬರೆಯುವಂತಿಲ್ಲ, ಕೋರಿಕೆ ಸಿಬಿಐ ಮೂಲಕವೇ ಹೋಗಬೇಕು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಉದ್ಘಾಟಿಸಿದ ‘ಭಾರತ್‌ಪೋಲ್’ ಜಾಲತಾಣವು ರಾಜ್ಯ ಪೊಲೀಸರ ಇಂಥ ಕೋರಿಕೆಗಳು ಪತ್ರ, ಇ-ಮೇಲ್, ಫ್ಯಾಕ್ಸ್‌ಗಳಲ್ಲಿ ಅಲೆಯುವುದನ್ನು ತಪ್ಪಿಸಿ ಒಂದೇ ಕಡೆ ಸೇರಿಸುವ ಪ್ರಯತ್ನ. ಹೊರಗಿನವರಿಗೆ ಇದು ಸಣ್ಣ ಆಡಳಿತ ಸುಧಾರಣೆಯಾಗಿ ಕಾಣಬಹುದು. ಜಿಲ್ಲಾ ಠಾಣೆಯೊಂದರ ತನಿಖಾಧಿಕಾರಿಗೆ ಇದರಿಂದ ಉಳಿಯುವ ವಾರಗಳು ಸಣ್ಣವಲ್ಲ.

ನಮ್ಮ ಪತ್ರಿಕೆಗಳು ‘ರೆಡ್ ಕಾರ್ನರ್ ನೋಟಿಸ್’ ಎಂದು ಬರೆಯುವುದು ಇಂಟರ್‌ಪೋಲ್ ಹೊರಡಿಸುವ ಬಣ್ಣಬಣ್ಣದ ಸೂಚನೆಗಳಲ್ಲಿ ಒಂದು. ಕೆಂಪು ಸೂಚನೆಯು ‘ಈ ವ್ಯಕ್ತಿಯನ್ನು ಪತ್ತೆಹಚ್ಚಿ, ಹಸ್ತಾಂತರದ ಪ್ರಕ್ರಿಯೆ ಮುಗಿಯುವವರೆಗೆ ತಾತ್ಕಾಲಿಕವಾಗಿ ಬಂಧಿಸಿ’ ಎಂಬ ಕೋರಿಕೆ. ಅದು ವಾರಂಟ್ ಅಲ್ಲ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಪ್ರತಿ ದೇಶಕ್ಕೂ ಬಿಟ್ಟದ್ದು, ಅಮೆರಿಕದಲ್ಲಿ ಕೆಂಪು ಸೂಚನೆಯೊಂದನ್ನೇ ಆಧರಿಸಿ ಯಾರನ್ನೂ ಬಂಧಿಸುವಂತಿಲ್ಲ. ನೀಲಿ ಸೂಚನೆಯ ಉದ್ದೇಶ ಒಬ್ಬ ವ್ಯಕ್ತಿ ಎಲ್ಲಿದ್ದಾನೆ, ಯಾರು, ಏನು ಎಂಬ ಮಾಹಿತಿ ಪಡೆಯುವುದು. 2024ರಲ್ಲಿ ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ತೆರಳಿದ ಬಳಿಕ ರಾಜ್ಯದ ವಿಶೇಷ ತನಿಖಾ ತಂಡವು ಸಿಬಿಐ ಮೂಲಕ ಹೊರಡಿಸಿದ್ದು ಈ ನೀಲಿ ಸೂಚನೆಯನ್ನು. ಕಾಣೆಯಾದವರಿಗೆ ಹಳದಿ, ಗುರುತು ಸಿಗದ ಶವಗಳಿಗೆ ಕಪ್ಪು. 2025ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಬೆಳ್ಳಿ ಬಣ್ಣದ ಸೂಚನೆಯು ಅಪರಾಧದ ಹಣದಿಂದ ಕೊಂಡ ಆಸ್ತಿಗಳ ಪತ್ತೆಗಾಗಿ. ವ್ಯಕ್ತಿಗಿಂತ ಮೊದಲು ಆಸ್ತಿ ಗಡಿ ದಾಟುವ ಕಾಲಕ್ಕೆ ಇದು ತಡವಾಗಿ ಬಂದ ಉತ್ತರವೆನ್ನಬೇಕು.

ಸೂಚನೆ ಇದ್ದ ಮಾತ್ರಕ್ಕೆ ಬಂಧನ ಖಚಿತವಲ್ಲ, ಇಲ್ಲದ ಮಾತ್ರಕ್ಕೆ ಅಸಾಧ್ಯವೂ ಅಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆ ಪ್ರಕರಣದ ಆರೋಪಿ ಮೆಹುಲ್ ಚೋಕ್ಸಿ ವಿರುದ್ಧದ ಕೆಂಪು ಸೂಚನೆಯನ್ನು ಇಂಟರ್‌ಪೋಲ್ ಹಿಂತೆಗೆದುಕೊಂಡಿತ್ತು. ಆದರೂ 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ಅವನನ್ನು ಬಂಧಿಸಿತು, ಏಕೆಂದರೆ ಭಾರತ ನೇರವಾಗಿ ಆ ದೇಶಕ್ಕೆ ಹಸ್ತಾಂತರದ ಕೋರಿಕೆ ಸಲ್ಲಿಸಿತ್ತು.

ಈ ವ್ಯವಸ್ಥೆಗೆ ಒಂದು ಕರಾಳ ಮುಖವೂ ಇದೆ, ಅದನ್ನು ಬಿಟ್ಟು ಬರೆಯುವುದು ಅಪ್ರಾಮಾಣಿಕವಾದೀತು. ಬಹ್ರೇನ್‌ನಿಂದ ಓಡಿಬಂದು ಆಸ್ಟ್ರೇಲಿಯದಲ್ಲಿ ನಿರಾಶ್ರಿತನ ಮಾನ್ಯತೆ ಪಡೆದಿದ್ದ ಫುಟ್‌ಬಾಲ್ ಆಟಗಾರ ಹಕೀಮ್ ಅಲ್-ಅರೈಬಿ 2018ರ ನವೆಂಬರ್‌ನಲ್ಲಿ ಪತ್ನಿಯೊಂದಿಗೆ ಥಾಯ್ಲೆಂಡಿಗೆ ಹೋದಾಗ, ಬಹ್ರೇನ್ ಕೋರಿಕೆಯಂತೆ ಹೊರಟಿದ್ದ ಕೆಂಪು ಸೂಚನೆಯ ಮೇಲೆ ಅವರನ್ನು ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ತಡೆದು ಬಂಧಿಸಲಾಯಿತು. ಯಾವ ದೇಶದ ಕಿರುಕುಳಕ್ಕೆ ಹೆದರಿ ಆಶ್ರಯ ಪಡೆದಿದ್ದರೋ ಅದೇ ದೇಶದ ಕೋರಿಕೆಯ ಮೇಲೆ ನಿರಾಶ್ರಿತರೊಬ್ಬರ ವಿರುದ್ಧ ಸೂಚನೆ ಹೊರಡಿಸುವುದು ಇಂಟರ್‌ಪೋಲ್‌ನ ನೀತಿಗೇ ವಿರುದ್ಧ. ಸೂಚನೆ ಕೆಲವೇ ದಿನಗಳಲ್ಲಿ ರದ್ದಾಯಿತು, ಅವರು ಮಾತ್ರ ಎರಡು ತಿಂಗಳಿಗೂ ಹೆಚ್ಚು ಕಾಲ ಥಾಯ್ ಜೈಲಿನಲ್ಲೇ ಉಳಿದರು. ಜಗತ್ತಿನಾದ್ಯಂತ ಆಟಗಾರರೂ ಮಾನವ ಹಕ್ಕು ಸಂಘಟನೆಗಳೂ ದನಿ ಎತ್ತಿದ ಬಳಿಕ 2019ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಸಹಕಾರ ವೇಗವಾಗಬೇಕು ಎಂದು ನಾವು ಒತ್ತಾಯಿಸುವಾಗ, ಅದೇ ವೇಗ ಸರ್ವಾಧಿಕಾರಿಗಳ ಕೈಗೂ ಸಿಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಆರೋಪಿ ಸಿಕ್ಕ ನಂತರದ ಹಂತ ಹಸ್ತಾಂತರ. ಕನ್ನಡದ ಸುದ್ದಿಗಳಲ್ಲಿ ಇದನ್ನು ಆಗಾಗ ‘ಗಡೀಪಾರು’ ಎಂದು ಬರೆಯುವುದುಂಟು, ಅದರಿಂದ ಗೊಂದಲವಾಗುತ್ತದೆ. ವೀಸಾ ನಿಯಮ ಮುರಿದ ವಿದೇಶಿಯನ್ನು ಒಂದು ದೇಶ ತಾನಾಗಿ ಹೊರಗೆ ಕಳುಹಿಸುವುದು ಗಡೀಪಾರು, ವಿಚಾರಣೆಗೋ ಶಿಕ್ಷೆಗೋ ಬೇಕಾದವನನ್ನು ಇನ್ನೊಂದು ದೇಶದ ಕೋರಿಕೆಯ ಮೇಲೆ ಒಪ್ಪಿಸುವುದು ಹಸ್ತಾಂತರ. ಹಸ್ತಾಂತರಕ್ಕೆ ಸಾಮಾನ್ಯವಾಗಿ ಆರೋಪಿಸಲಾದ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಯಾವ ಅಪರಾಧಕ್ಕಾಗಿ ಒಪ್ಪಿಸಲಾಯಿತೋ ಅದಕ್ಕಷ್ಟೇ ವಿಚಾರಣೆ ನಡೆಯಬೇಕು, ರಾಜಕೀಯ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಭಾರತದಲ್ಲಿ ಇದನ್ನು ನಿಯಂತ್ರಿಸುವುದು 1962ರ ಹಸ್ತಾಂತರ ಕಾಯ್ದೆ.

ಹಸ್ತಾಂತರದಲ್ಲಿ ಕೊಟ್ಟ ಮಾತು ಎಷ್ಟು ದೂರ ಬೆನ್ನು ಹತ್ತುತ್ತದೆ ಎಂಬುದಕ್ಕೆ 1993ರ ಮುಂಬೈ ಸರಣಿ ಸ್ಫೋಟಗಳ ಆರೋಪಿ ಅಬು ಸಲೇಂ ಪ್ರಕರಣ ಸಾಕ್ಷಿ. 2002ರಲ್ಲಿ ಲಿಸ್ಬನ್‌ನಲ್ಲಿ ಸೆರೆಸಿಕ್ಕ ಅವನನ್ನು ಪೋರ್ಚುಗಲ್ 2005ರಲ್ಲಿ ಒಪ್ಪಿಸಿದ್ದು, ಮರಣದಂಡನೆಯಾಗಲಿ 25 ವರ್ಷ ಮೀರಿದ ಸೆರೆವಾಸವಾಗಲಿ ವಿಧಿಸುವುದಿಲ್ಲ ಎಂಬ ಭರವಸೆಯನ್ನು ಭಾರತ ಸರ್ಕಾರ ಕೊಟ್ಟ ಮೇಲೆ. ಮುಂಬೈ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್, ಆ ಭರವಸೆಯನ್ನು ಕೇಂದ್ರ ಸರ್ಕಾರ ಪಾಲಿಸಲೇಬೇಕೆಂದು ಹೇಳಿತು. ಮಾತು ತಪ್ಪಿದರೆ ಮುಂದಿನ ಬಾರಿ ಯಾವ ದೇಶವೂ ಯಾರನ್ನೂ ಒಪ್ಪಿಸುವುದಿಲ್ಲ ಎಂಬ ಸರಳ ವಿವೇಕ ಇದರ ಹಿಂದಿದೆ. ಬೆಂಗಳೂರಿನ ಉದ್ಯಮಿಯಾಗಿದ್ದ ವಿಜಯ್ ಮಲ್ಯ ಅವರ ವಿಷಯದಲ್ಲಿ ಲಂಡನ್‌ನ ನ್ಯಾಯಾಲಯಗಳು ಮುಂಬೈಯ ಆರ್ಥರ್ ರೋಡ್ ಜೈಲಿನ ಕೋಣೆಯ ಗಾಳಿ ಬೆಳಕಿನವರೆಗೆ ವಿಚಾರಿಸಿದವು. 2018ರ ಡಿಸೆಂಬರ್‌ನಲ್ಲಿ ಹಸ್ತಾಂತರಕ್ಕೆ ಅಲ್ಲಿನ ನ್ಯಾಯಾಲಯ ಸಮ್ಮತಿಸಿ, 2020ರಲ್ಲಿ ಮೇಲ್ಮನವಿಗಳೂ ತಿರಸ್ಕೃತವಾದವು. ಆ ಬಳಿಕವೂ, ಬಹಿರಂಗಪಡಿಸಲಾಗದ ಕಾನೂನು ಪ್ರಕ್ರಿಯೆಯೊಂದು ಬಾಕಿಯಿದೆ ಎಂಬ ಕಾರಣಕ್ಕೆ ವಿಷಯ ವರ್ಷಗಟ್ಟಲೆ ನಿಂತುಹೋಯಿತು. ಬ್ಯಾಂಕುಗಳಿಗೆ ಸಾಲ ಮರಳದ, ಸಂಬಳ ಬಾರದ ನೌಕರರಿರುವ ಪ್ರಕರಣದಲ್ಲಿ ಇಷ್ಟು ವಿಳಂಬ ನೋವಿನದೇ. ಆದರೆ ಜೈಲಿನ ಸ್ಥಿತಿಗತಿಯನ್ನು ವಿಚಾರಿಸುವ ನ್ಯಾಯಾಲಯವನ್ನು ನಾನು ದೂರಲಾರೆ. ನಮ್ಮ ಜೈಲುಗಳು ಪ್ರಶ್ನೆಗೆ ಎಡೆಯಿಲ್ಲದಂತಿದ್ದರೆ ಆ ವಾದಕ್ಕೆ ಬಲವೇ ಇರುತ್ತಿರಲಿಲ್ಲ.

ವ್ಯಕ್ತಿಗಿಂತ ಸಾಕ್ಷ್ಯವನ್ನು ತರಿಸುವುದು ಸುಲಭವೆಂದು ತೋರಬಹುದು, ಅನುಭವ ಬೇರೆಯೇ. ವಿದೇಶದಲ್ಲಿರುವ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಬಳಸಬೇಕಾದರೆ ಪರಸ್ಪರ ಕಾನೂನು ನೆರವು ಒಪ್ಪಂದದಡಿ ಗೃಹ ಸಚಿವಾಲಯದ ಮೂಲಕ ಕೋರಿಕೆ ಕಳುಹಿಸಬೇಕು, ಇಲ್ಲವೇ ನಮ್ಮ ನ್ಯಾಯಾಲಯ ಅಲ್ಲಿನ ನ್ಯಾಯಾಲಯಕ್ಕೆ ವಿನಂತಿ ಪತ್ರ ಬರೆಯಬೇಕು. ಬೆಂಗಳೂರಿನವರೊಬ್ಬರು ಬೆಂಗಳೂರಿನ ಇನ್ನೊಬ್ಬರಿಗೆ ಕಳುಹಿಸಿದ ಇ-ಮೇಲ್‌ನ ಒಳವಿವರವೂ ಅಮೆರಿಕದ ಕಂಪನಿಯ ಸರ್ವರ್‌ನಲ್ಲಿದ್ದರೆ ಇದೇ ದಾರಿ. ಇಂಥ ಕೋರಿಕೆ ಪೂರೈಸಲು ಅಮೆರಿಕಕ್ಕೆ ಸರಾಸರಿ ಹತ್ತು ತಿಂಗಳು ಬೇಕಾಗುತ್ತದೆಂದು ಅಲ್ಲಿನ ಅಧ್ಯಕ್ಷರು ನೇಮಿಸಿದ್ದ ಪರಿಶೀಲನಾ ಸಮಿತಿಯೇ 2013ರಲ್ಲಿ ಹೇಳಿತ್ತು. ಸೈಬರ್ ಅಪರಾಧ ಕುರಿತ 2001ರ ಬುಡಾಪೆಸ್ಟ್ ಒಪ್ಪಂದ ಈ ತೊಡಕಿಗೆ ಒಂದು ಪರಿಹಾರ. ಭಾರತ ಅದಕ್ಕೆ ಸೇರಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಹೊಸ ಸೈಬರ್ ಅಪರಾಧ ಒಪ್ಪಂದವು ಜಾರಿಯಾಗಲು 40 ದೇಶಗಳ ಅನುಮೋದನೆ ಬೇಕು. ವಿದ್ಯುನ್ಮಾನ ಸಾಕ್ಷ್ಯದ ವಿನಿಮಯಕ್ಕೆ ಅದು ದಾರಿ ಮಾಡಿಕೊಡುತ್ತದೆ, ಜೊತೆಗೆ ಪತ್ರಕರ್ತರ ಮೇಲೂ ವಿರೋಧಿಗಳ ಮೇಲೂ ಕಣ್ಗಾವಲಿಡಲು ಬಳಕೆಯಾದೀತೆಂಬ ಆತಂಕವನ್ನೂ ಹುಟ್ಟಿಸಿದೆ.

ನಂಬಿಕೆ ಹೆಚ್ಚಿದಷ್ಟೂ ಕಾಗದ ಕಡಿಮೆಯಾಗುತ್ತದೆ ಎಂಬುದಕ್ಕೆ ಯುರೋಪ್ ಮಾದರಿ. ಗಡಿ ತಪಾಸಣೆ ತೆಗೆದುಹಾಕಿದ ದೇಶಗಳಿಗೆ ಪೊಲೀಸ್ ಮಾಹಿತಿ ಹಂಚಿಕೊಳ್ಳದೆ ವಿಧಿಯಿರಲಿಲ್ಲ. 2004ರಿಂದ ಜಾರಿಯಲ್ಲಿರುವ ಯುರೋಪಿಯನ್ ಬಂಧನ ವಾರಂಟ್ ಪ್ರಕಾರ ಒಂದು ದೇಶದ ನ್ಯಾಯಾಧೀಶರ ಆದೇಶವನ್ನು ಇನ್ನೊಂದರ ನ್ಯಾಯಾಧೀಶರು ನೇರವಾಗಿ ಪರಿಗಣಿಸುತ್ತಾರೆ, ಬಂಧನದ 60 ದಿನಗಳೊಳಗೆ ತೀರ್ಮಾನವಾಗಬೇಕು. 2020ರಲ್ಲಿ ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್ ಜಂಟಿ ತಂಡವು ಅಪರಾಧಿಗಳು ಬಳಸುತ್ತಿದ್ದ ಎನ್‌ಕ್ರೋಚಾಟ್ ಎಂಬ ಗೂಢಲಿಪಿ ಫೋನ್ ಜಾಲದೊಳಗೆ ನುಸುಳಿತು. ಆ ಸಂದೇಶಗಳ ಆಧಾರದ ಮೇಲೆ 2023ರ ವೇಳೆಗೆ ನಾನಾ ದೇಶಗಳಲ್ಲಿ 6,500ಕ್ಕೂ ಹೆಚ್ಚು ಬಂಧನಗಳಾದವು. ಇದೇ ಯುರೋಪಿನಿಂದ ಬ್ರಿಟನ್ ಹೊರಬಂದಾಗ, ಅದರ ಪೊಲೀಸರು ಯುರೋಪಿನ ದೇಶಗಳು ಹಂಚಿಕೊಳ್ಳುವ ಷೆಂಗೆನ್ ಪೊಲೀಸ್ ಮಾಹಿತಿ ಕೋಶವನ್ನು ನೇರವಾಗಿ ನೋಡುವ ಅವಕಾಶವನ್ನೇ ಕಳೆದುಕೊಂಡರು. ದಶಕಗಳಲ್ಲಿ ಕಟ್ಟಿದ್ದನ್ನು ರಾಜಕೀಯ ನಿರ್ಧಾರವೊಂದು ಹೀಗೆ ಬಿಚ್ಚಬಲ್ಲದು.

ಏಷ್ಯದ ನಮಗೆ ಅಂಥ ಚೌಕಟ್ಟು ಇಲ್ಲ. ಅದರ ಬೆಲೆಯನ್ನು ತೆರುತ್ತಿರುವವರು ಸಾಮಾನ್ಯ ಜನ. ಥಾಯ್ಲೆಂಡ್ ಗಡಿಗೆ ಅಂಟಿಕೊಂಡಿರುವ ಮ್ಯಾನ್ಮಾರ್‌ನ ಮ್ಯಾವಡಿ ಪಟ್ಟಣದ ಸುತ್ತಮುತ್ತ, ಕಾಂಬೋಡಿಯ ಮತ್ತು ಲಾವೋಸ್‌ಗಳಲ್ಲಿ, ಆವರಣ ಗೋಡೆಗಳ ಒಳಗೆ ಆನ್‌ಲೈನ್ ವಂಚನೆಯ ಕೇಂದ್ರಗಳು ಬೆಳೆದಿವೆ. ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿ ಹೋದ ಭಾರತದ ಯುವಕರು, ಕನ್ನಡಿಗರೂ ಸೇರಿದಂತೆ, ಪಾಸ್‌ಪೋರ್ಟ್ ಕಸಿದುಕೊಂಡವರ ಕೈಯಲ್ಲಿ ಸಿಕ್ಕು ತಮ್ಮ ದೇಶದವರನ್ನೇ ವಂಚಿಸುವ ಕೆಲಸಕ್ಕೆ ಬಿದ್ದರು. ಮ್ಯಾವಡಿ ಪ್ರದೇಶ ಸಶಸ್ತ್ರ ಗುಂಪುಗಳ ಹಿಡಿತದಲ್ಲಿರುವಾಗ ನೋಟಿಸನ್ನು ಯಾರಿಗೆ ಕೊಡುವುದು? 2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಯ ಆ ಜಾಗಗಳಿಗೆ ವಿದ್ಯುತ್, ಇಂಧನ, ಇಂಟರ್ನೆಟ್ ಕಡಿತಗೊಳಿಸಿದ್ದು ಈ ಕಾರಣಕ್ಕೆ. ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ 549 ಮಂದಿಯನ್ನು ಕರೆತಂದವು. ಅವರಲ್ಲಿ ಯಾರು ಮಾನವ ಕಳ್ಳಸಾಗಣೆಯ ಬಲಿಪಶು, ಯಾರು ಗೊತ್ತಿದ್ದೇ ಸೇರಿದವರು ಎಂಬುದನ್ನು ಒಬ್ಬೊಬ್ಬರನ್ನೇ ಕೇಳಿ ತಿಳಿಯಬೇಕಾಗಿತ್ತು. ಭಾರತ 2011ರಲ್ಲಿ ಅನುಮೋದಿಸಿದ, ಸಂಘಟಿತ ಅಪರಾಧದ ವಿರುದ್ಧದ ವಿಶ್ವಸಂಸ್ಥೆಯ ಪಲೆರ್ಮೊ ಒಪ್ಪಂದದ ಮಾನವ ಕಳ್ಳಸಾಗಣೆ ಕುರಿತ ಪೂರಕ ಒಡಂಬಡಿಕೆಯ ಪ್ರಕಾರ, ಮೋಸದಿಂದಲೋ ಬಲವಂತದಿಂದಲೋ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ.

ಫೋನಿನ ಈ ತುದಿಯಲ್ಲಿರುವವರು ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ‘ಬಂಧಿಸುವ’ ವಂಚಕರ ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ ನಡುಗಿ, ನಿವೃತ್ತಿಯ ಹಣವನ್ನೆಲ್ಲ ವರ್ಗಾಯಿಸಿದ ನಮ್ಮ ಹಿರಿಯರು. ಅವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಹಣ ಇನ್ನೂ ಭಾರತದ ಬ್ಯಾಂಕುಗಳಲ್ಲಿ ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಗಳಲ್ಲಿ ಇರುವಷ್ಟು ಹೊತ್ತು ಅದನ್ನು ತಡೆಹಿಡಿಯಲು ಸಾಧ್ಯ. ಅದು ಕ್ರಿಪ್ಟೊ ಕರೆನ್ಸಿಯಾಗಿ ಮಾರ್ಪಟ್ಟು ದೇಶ ದಾಟಿದ ಕ್ಷಣದಿಂದ, ದೂರು ದಾಖಲಿಸಿದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ಅಧಿಕಾರಿ ಅದೇ ಹಣದ ಬೆನ್ನು ಹತ್ತಲು ದೆಹಲಿಗೆ ಬರೆಯಬೇಕು, ದೆಹಲಿ ಇನ್ನೊಂದು ರಾಜಧಾನಿಗೆ ಬರೆಯಬೇಕು, ಆ ರಾಜಧಾನಿ ತನ್ನ ಕಾನೂನನ್ನು ತೆರೆದು ನೋಡಬೇಕು.